ರೂಯಿಸ್ ಬೆಟ್ಟದ ಕೆಸರು

ನವೆಂಬರ್ 13, 2025, ಗುರುವಾರ

ಇವತ್ತಿಗೆ 40 ವರ್ಷ. ಬೆಳಗಿನಿಂದ ತಲೆಯಲ್ಲಿ ಕೊಲಂಬಿಯಾದ ಆರ್ಮೆರೊ ಪಟ್ಟಣವೇ ಸುತ್ತುತ್ತಿದೆ.

1985ರ ಆ ರಾತ್ರಿ ನೆವಾಡೊ ಡೆಲ್ ರೂಯಿಸ್ ಜ್ವಾಲಾಮುಖಿ ಉಗುಳಿದ್ದು ತೀರಾ ಹೆಚ್ಚೇನಲ್ಲ. 1991ರಲ್ಲಿ ಫಿಲಿಪ್ಪೀನ್ಸಿನ ಪಿನಾಟುಬೊ ಜ್ವಾಲಾಮುಖಿ ಸಿಡಿದದ್ದರ ಮುಂದೆ ಅದು ಲೆಕ್ಕಕ್ಕೇ ಬರುವುದಿಲ್ಲ. ಆದರೂ ಸತ್ತವರು ಸುಮಾರು 23,000. ಕೊಂದದ್ದು ಲಾವಾ ಅಲ್ಲ, ಕೆಸರು. 5,300 ಮೀಟರ್ ಎತ್ತರದ ಬೆಟ್ಟ, ನೆತ್ತಿಯ ಮೇಲೆ ಹಿಮ. ರಾತ್ರಿ ಒಂಬತ್ತು ದಾಟುತ್ತಲೇ ಸುಡುಬೂದಿ, ಪ್ಯೂಮಿಸ್ ಎಂಬ ತೂತುತೂತಾದ ಹಗುರ ಕಲ್ಲು ಅದರ ಮೇಲೆ ನುಗ್ಗಿದವು. ಬಿಸಿ ಕಣಗಳು ಹಿಮವನ್ನು ಉಜ್ಜಿ, ಕೆರೆದು, ಅದರೊಳಗೇ ಬೆರೆತದ್ದರಿಂದ ಅಷ್ಟು ಬೇಗ ನೀರಾಯಿತು. ಮೇಲೆ ಸುಮ್ಮನೆ ಬಿದ್ದಿದ್ದರೆ ಆಗುತ್ತಿರಲಿಲ್ಲ. ಕರಗಿದ್ದು ಹಿಮದ ಹತ್ತರಲ್ಲೊಂದು ಪಾಲು ಅಷ್ಟೇ. ಆ ನೀರು ಕಡಿದಾದ ಕಣಿವೆಗಳಲ್ಲಿ ಇಳಿಯುತ್ತ, ತಳದ ಮಣ್ಣು, ಬಂಡೆಗಳನ್ನೆಲ್ಲ ಎಬ್ಬಿಸಿಕೊಂಡು, ಹಲವು ಪಟ್ಟು ಹಿಗ್ಗಿ ಲಾಹಾರ್, ಅಂದರೆ ಜ್ವಾಲಾಮುಖಿಯ ಕೆಸರಿನ ಪ್ರವಾಹ, ಆಯಿತು. 70 ಕಿ.ಮೀ.ಗೂ ಹೆಚ್ಚು ದೂರದ ಆರ್ಮೆರೊ ಮುಟ್ಟಲು ಎರಡೂವರೆ ಗಂಟೆ ಹಿಡಿಯಿತು. ಎರಡೂವರೆ ಗಂಟೆ! ಎತ್ತರದ ಜಾಗಕ್ಕೆ ನಡೆದುಹೋಗಲು ಅಷ್ಟು ಸಮಯ ಬೇಕಿರಲಿಲ್ಲ. ಮಧ್ಯಾಹ್ನವೇ ಬೂದಿ ಬಿದ್ದಿತ್ತು. ಜನರಿಗೆ ಹೇಳಿದ್ದು ಮನೆಯೊಳಗೇ ಇರಿ ಅಂತ. ಹೊಟ್ಟೆ ಉರಿಯುತ್ತದೆ.

1595ರಲ್ಲಿ ಹೀಗೇ ಆಗಿತ್ತು, 1845ರಲ್ಲೂ. 1845ರ ಕೆಸರು ಒಣಗಿದ ನೆಲದ ಮೇಲೆಯೇ ಆರ್ಮೆರೊ ಎದ್ದಿತ್ತು. 1985ರ ಅಕ್ಟೋಬರ್‌ನಲ್ಲಿ ಬಂದ ಅಪಾಯದ ನಕ್ಷೆಯಲ್ಲೂ ಆ ಊರು ಕೆಸರಿನ ದಾರಿಯಲ್ಲೇ ಇತ್ತು.

ಬೆಟ್ಟದ ಚರಿತ್ರೆ ಓದುವುದು ಹೊಳೆ ಕೊರೆದ ದಂಡೆಯಲ್ಲಿ. ಹೊಳೆ ತಾನು ತಂದದ್ದನ್ನು ವಿಂಗಡಿಸಿ ಹಾಕುತ್ತದೆ: ಕಲ್ಲು ಒಂದು ಕಡೆ, ಮರಳು ಒಂದು ಕಡೆ. ಲಾಹಾರ್ ವಿಂಗಡಿಸುವುದಿಲ್ಲ; ನಯವಾದ ಮಣ್ಣಿನ ನಡುವೆ ಆಳೆತ್ತರದ ಬಂಡೆ ತೇಲಿದಂತೆ ನಿಂತಿರುತ್ತದೆ. ಒಳಗೆ ಮರದ ತುಂಡು ಸಿಕ್ಕರೆ ರೇಡಿಯೋಕಾರ್ಬನ್‌ನಿಂದ ಕಾಲ ಗೊತ್ತಾಗುತ್ತದೆ. ಎರಡು ಪದರಗಳ ನಡುವೆ ಬೇರು ಬಿಟ್ಟ ಕಪ್ಪು ಮಣ್ಣಿದ್ದರೆ, ಆ ನಡುವೆ ಅಲ್ಲಿ ಗಿಡಮರ ಬೆಳೆಯುವಷ್ಟು ಕಾಲ ಕಣಿವೆ ಸುಮ್ಮನಿತ್ತು ಎಂದರ್ಥ. ಎಡವುವುದು ಇಂಥವು ಎಷ್ಟು ಸಲ ಆಗಿವೆ ಎಂಬ ಎಣಿಕೆಯಲ್ಲಿ. ತೆಳು ಬೂದಿ ಮಳೆಗೆ ಕೊಚ್ಚಿಹೋಗುತ್ತದೆ, ಹೊಸ ಕೆಸರು ಹಳೆಯದನ್ನು ಕಿತ್ತೊಯ್ಯುತ್ತದೆ. ಹಾಗಾಗಿ ಎಣಿಸಿದ್ದಕ್ಕಿಂತ ಹೆಚ್ಚೇ ಆಗಿರಬೇಕು.

2023ರ ಮಾರ್ಚ್ ಕೊನೆಗೆ ಭೂಕಂಪನಗಳು ಹೆಚ್ಚಿ ಎಚ್ಚರಿಕೆ ಕಿತ್ತಳೆ ಬಣ್ಣಕ್ಕೆ ಏರಿತ್ತು, ಜೂನ್‌ನಲ್ಲಿ ಹಳದಿಗೆ ಇಳಿಯಿತು. ನೆತ್ತಿಯ ಹಿಮ ಈಗ ಬಹಳ ಸವೆದಿದೆ, ಅಪಾಯ ಕಡಿಮೆ ಎನ್ನುವವರಿದ್ದಾರೆ. ಆದರೆ ಅಂದು ಕರಗಿದ್ದೂ ಹತ್ತರಲ್ಲೊಂದೇ ತಾನೇ? ಜೊತೆಗೆ ಪಶ್ಚಿಮಕ್ಕೆ ಚಿಂಚಿನಾ ಪಟ್ಟಣದ ಕಡೆ ಇಳಿಯುವ ಕಣಿವೆಗಳನ್ನು ನೋಡಿದರೆ...