ಅಪ್ಪೆಮಿಡಿ ಕಸಿ: ಈ ಮಳೆಗಾಲದ ದಿನಚರಿ

ಜೂನ್ ಶುರು

ಹಿತ್ತಲ ಹಳ್ಳದ ದಂಡೆಯ ಅಪ್ಪೆಮರ ಈ ಮಳೆಗಾಲ ದಾಟುವುದು ಅನುಮಾನ. ಹೋದ ವರ್ಷದ ಮಳೆಗೆ ದಂಡೆ ಕುಸಿದು ಅರ್ಧ ಬೇರು ಹೊರಗೆ ಬಿದ್ದಿದೆ. ನಮ್ಮತ್ತೆ ಮದುವೆಯಾಗಿ ಈ ಮನೆಗೆ ಬಂದಾಗಲೇ ಅದು ದೊಡ್ಡ ಮರವಂತೆ. ಮಿಡಿಯ ತೊಟ್ಟು ಮುರಿದರೆ ಜೀರಿಗೆ ವಾಸನೆ ಘಮ್ಮೆನ್ನುತ್ತದೆ. ಸೊನೆ ಜಾಸ್ತಿ. ಉಪ್ಪಿನಕಾಯಿ ಹಾಕಿಟ್ಟರೆ ಎರಡು ಮೂರು ವರ್ಷವಾದರೂ ಮಿಡಿ ಮೆತ್ತಗಾಗುವುದಿಲ್ಲ.

ಅಪ್ಪೆಮಿಡಿ ಗೊತ್ತಿಲ್ಲದವರಿಗೆ ಎರಡು ಮಾತು. ಇದು ಹಣ್ಣು ತಿನ್ನುವ ಮಾವಲ್ಲ. ಎಳೆಯ ಮಿಡಿಯನ್ನೇ ತೊಟ್ಟು ಸಮೇತ ಕೊಯ್ದು ಉಪ್ಪಿಗೆ ಹಾಕುವುದು. ಅಘನಾಶಿನಿ, ಶರಾವತಿ, ಬೇಡ್ತಿ, ವರದಾ ಹೊಳೆಗಳ ಅಂಚಿನಲ್ಲಿ ತಾನಾಗಿ ಬೆಳೆದ ಮರಗಳೇ ಹೆಚ್ಚು. ಒಂದೊಂದು ಮರದ ವಾಸನೆ ಒಂದೊಂದು ಥರ. ಬೀಜದಿಂದ ಎದ್ದ ಗಿಡಕ್ಕೆ ತಾಯಿಮರದ ಗುಣ ಬಂದೇ ಬರುತ್ತದೆ ಅನ್ನುವ ಹಾಗಿಲ್ಲ. ಅದೂ ಅಲ್ಲದೆ, ಮಿಡಿಯಲ್ಲೇ ಕೊಯ್ದುಬಿಟ್ಟರೆ ಗೊರಟೆ ಎಲ್ಲಿಂದ ಬರಬೇಕು? ಈ ಮರದ ಜಾತಿ ಉಳಿಯಬೇಕಾದರೆ ಕಸಿಯೊಂದೇ ದಾರಿ.

ಬೇರುಗಿಡ, ಅಂದರೆ ಕಸಿ ಕೂರಿಸುವ ಬುಡದ ಗಿಡ, ನನ್ನ ಹತ್ತಿರ ಆಗಲೇ ಇತ್ತು. ಹೋದ ಮಳೆಗಾಲದಲ್ಲೇ ಕಾಟುಮಾವಿನ ಗೊರಟೆ ಹಾಕಿದ್ದೆ. ಮಾವಿನ ಗೊರಟೆ ಇಟ್ಟುಕೊಂಡರೆ ಕೆಡುತ್ತದೆ. ಹಣ್ಣು ತಿಂದ ಕೆಲವೇ ವಾರದಲ್ಲಿ ಮಣ್ಣು ಸೇರಬೇಕು. ಆಗ ಕಸಿಯ ಯೋಚನೆಯೇನೂ ಇರಲಿಲ್ಲ, ಸುಮ್ನೆ ಕೈಗೆ ಕೆಲಸ ಬೇಕಿತ್ತು. ಈಗ ಗಿಡಗಳು ಪೆನ್ಸಿಲ್ ದಪ್ಪ ಆಗಿವೆ.

ಇವತ್ತಿನ ಕೆಲಸ: ಮರದ ಮೇಲೆ ಆರಿಸಿದ ಕುಡಿಗಳ ಎಲೆ ಕತ್ತರಿಸಿದ್ದು. ಎಲೆಯ ತೊಟ್ಟು ಮಾತ್ರ ಉಳಿಸಬೇಕು. ಏಳೆಂಟು ದಿನದಲ್ಲಿ ತೊಟ್ಟು ತಾನಾಗಿ ಉದುರಿ ಮೊಗ್ಗು ಉಬ್ಬುತ್ತದೆ. ಮರ ವಾಲಿದ್ದರಿಂದ ಒಂದು ಅನುಕೂಲ, ಕೊಂಬೆಗಳು ಆಚೆ ದಂಡೆಯಿಂದ ಕೈಗೇ ಸಿಕ್ಕಿದವು.

ಜೂನ್ ನಡುವೆ

ಕಸಿ ಕಟ್ಟಿದೆ. ನನಗೆ 58 ವರ್ಷ. ಕಸಿ ಚಾಕು ಹಿಡಿದಿದ್ದು ಇದೇ ಮೊದಲು. ಪಕ್ಕದೂರಿನ ನಿವೃತ್ತ ಮಾಸ್ತರರೊಬ್ಬರು ಜಗಲಿಯಲ್ಲಿ ಕೂತು ಕವಳ ಹಾಕುತ್ತಾ ಹೇಳಿಕೊಟ್ಟರು. ಬೇರುಗಿಡದ ತಲೆ ಎಳೆಯ ಭಾಗದಲ್ಲಿ ಕತ್ತರಿಸಿ ನಡುವೆ ಸೀಳುವುದು. ಕಸಿಕಡ್ಡಿಯ, ಅಂದರೆ ಅಪ್ಪೆಮರದಿಂದ ಕೊಯ್ದ ಕುಡಿಯ, ಬುಡವನ್ನು ಎರಡೂ ಕಡೆಯಿಂದ ಓರೆಯಾಗಿ ಕೆತ್ತಿ ಆ ಸೀಳಿನಲ್ಲಿ ಕೂರಿಸುವುದು. ಕನಿಷ್ಠ ಒಂದು ಬದಿಯಲ್ಲಾದರೂ ಸಿಪ್ಪೆಗೆ ಸಿಪ್ಪೆ ಸರಿಯಾಗಿ ಕೂಡಬೇಕು. ಆಮೇಲೆ ಪ್ಲಾಸ್ಟಿಕ್ ಪಟ್ಟಿ ಬಿಗಿಯಾಗಿ ಸುತ್ತಿ, ಮೇಲೆ ಪೆಪ್ಸಿ ಐಸ್ ತುಂಬುವಂಥ ಉದ್ದನೆಯ ಪ್ಲಾಸ್ಟಿಕ್ ಕೊಟ್ಟೆಯ ಟೊಪ್ಪಿ. ಒಳಗೆ ತೇವ ನಿಲ್ಲಬೇಕು, ಮಳೆನೀರು ಇಳಿಯಬಾರದು.

ನಮ್ಮ ಯಜಮಾನರು, ಇವರು, ಅಡಿಕೆ ಸೋಗೆಯ ಚಪ್ಪರ ಹಾಕಿಕೊಟ್ಟರು. ನಾನು ಕೇಳಿರಲಿಲ್ಲ.

ಇದನ್ನೂ ಇಲ್ಲೇ ಬರೆದುಬಿಡುತ್ತೇನೆ. ನಮ್ಮ ಮಾಣಿ ತೀರಿಕೊಂಡು ಎರಡು ವರ್ಷವಾಯಿತು. ಒಬ್ಬನೇ ಮಗ, 26 ವರ್ಷ. ಬೆಂಗಳೂರಲ್ಲಿ ಕೆಲಸ, ಅಲ್ಲೇ ಜ್ವರ, ಅಲ್ಲೇ ಆಸ್ಪತ್ರೆ. ಅದಕ್ಕಿಂತ ಹೆಚ್ಚು ಬರೆಯಲಾರೆ. ಕಸಿಗೂ ಅವನಿಗೂ ಏನು ಸಂಬಂಧ ಅಂದರೆ, ಏನೂ ಇಲ್ಲ. ಉಪ್ಪಿನಕಾಯಿ ಅವನಿಗೆ ಅಷ್ಟಕ್ಕಷ್ಟೇ. ಮಿಡಿಯನ್ನು ಬಾಳೆಲೆಯ ತುದಿಗೆ ಸರಿಸುತ್ತಿದ್ದ. ಅಪ್ಪೆಹುಳಿ ಮಾತ್ರ ಲೋಟಗಟ್ಟಲೆ ಕುಡಿಯುತ್ತಿದ್ದ. ಮಗನ ನೆನಪಿಗೆ ಮಾಡ್ತಿದ್ದೀರಾ ಅಂತ ಕೇಳುವವರಿಗೆ ಅಲ್ಲ ಅಂತಲೇ ಹೇಳುತ್ತೇನೆ. ಅವನನ್ನು ನೆನೆಯಲು ಗಿಡ ಬೇಕಾಗಿಲ್ಲ. ನನಗೆ ಬೆಳಿಗ್ಗೆ ಏಳಲು ಏನಾದರೂ ಬೇಕಾಗಿತ್ತು, ಅಷ್ಟೆ.

ಜುಲೈ

ಮಳೆ ಬಿಟ್ಟಿಲ್ಲ. ಉಂಬಳದ (ಜಿಗಣೆಯ) ಕಾಟ.

ಬೆಳಕು ಹರಿಯುತ್ತಲೇ ಕಂಬಳಿಕೊಪ್ಪೆ ಹಾಕಿಕೊಂಡು ಚಪ್ಪರಕ್ಕೆ ಹೋಗುತ್ತೇನೆ. ಮೊದಲ ಎರಡು ವಾರ ನೋಡಲು ಏನೂ ಇರುವುದಿಲ್ಲ. ಕಡ್ಡಿ ಹಸಿರಾಗಿದೆಯೋ, ಕಪ್ಪಾಯಿತೋ, ಅಷ್ಟೇ. ಮುಟ್ಟುವ ಹಾಗಿಲ್ಲ, ಅಲ್ಲಾಡಿಸುವ ಹಾಗಿಲ್ಲ. ಆದರೂ ನೋಡಬೇಕು ಅನಿಸುತ್ತದೆ. ಮಾಣಿ ಹೋದಮೇಲೆ ಬೆಳಗಿನ ಹೊತ್ತೇ ನನಗೆ ಅತಿ ಕಷ್ಟದ್ದು. ಎಚ್ಚರಾದ ಒಂದು ಕ್ಷಣ ಏನೂ ನೆನಪಿರುವುದಿಲ್ಲ, ಆಮೇಲೆ ಎಲ್ಲ ಒಟ್ಟಿಗೆ ಬರುತ್ತದೆ. ಈಗಲೂ ಬರುತ್ತದೆ. ಆದರೆ ಅದರ ಹಿಂದೆಯೇ, ರಾತ್ರಿ ಗಾಳಿಗೆ ಟೊಪ್ಪಿ ಹಾರಿತೋ ಏನೋ ಅನ್ನುವ ಚಿಂತೆಯೂ ಬರುತ್ತದೆ. ಎರಡನೆಯದಕ್ಕೆ ಎದ್ದು ಹೋಗಿ ಮಾಡಬಹುದಾದ ಕೆಲಸವಿದೆ.

ಇತ್ತ ತೋಟದಲ್ಲಿ ಅಡಿಕೆಗೆ ಕೊಳೆರೋಗದ ಹೆದರಿಕೆ. ಮರ ಹತ್ತಿ ಔಷಧ ಹೊಡೆಯುವ ಕೊನೆಗೌಡನಿಗೆ ಎಲ್ಲ ಕಡೆಯಿಂದ ಕರೆ. ಇವರು ತಾವೇ ಡ್ರಮ್ಮಿನಲ್ಲಿ ಕೊಳೆಗೆ ಹೊಡೆಯುವ ಬೋರ್ಡೋ ದ್ರಾವಣ ಕಲಸುತ್ತಿದ್ದಾರೆ, 100 ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ. ಹೋದ ವರ್ಷ ಈ ಕೆಲಸವನ್ನೆಲ್ಲ ಬೇರೆಯವರಿಗೆ ಬಿಟ್ಟು ಜಗಲಿಯಲ್ಲಿ ಕೂತಿದ್ದರು.

ಮೂರು ವಾರಕ್ಕೆ ಚಿಗುರು ಬಂತು! ತಾಮ್ರದ ಬಣ್ಣ. ಎಲ್ಲದರಲ್ಲೂ ಅಲ್ಲ. ಕೆಲವು ಕಡ್ಡಿ ಬುಡದಿಂದಲೇ ಕಪ್ಪಾಗಿ ಹೋದವು. ಮೊದಲ ಸಲಕ್ಕೆ ಅರ್ಧ ಬಂದರೆ ಗೆದ್ದ ಹಾಗೆ ಅಂತ ಮಾಸ್ತರರು ಮೊದಲೇ ಹೇಳಿದ್ದರು. ಅರ್ಧಕ್ಕಿಂತ ಸ್ವಲ್ಪ ಜಾಸ್ತಿಯೇ ಬಂದಿದೆ. ಕಪ್ಪಾದದ್ದನ್ನು ತೆಗೆದು ಗೊಬ್ಬರದ ಗುಂಡಿಗೆ ಹಾಕಿದೆ. ಬೇಜಾರಾಗಲಿಲ್ಲ ಅಂದರೆ ಸುಳ್ಳು.

ಆಗಸ್ಟ್

ಮೂತಿಹುಳ ಬಂದಿದೆ. ಎಳೆಯ ಎಲೆಯಲ್ಲಿ ಮೊಟ್ಟೆಯಿಟ್ಟು, ಆಮೇಲೆ ಎಲೆಯನ್ನು ಕತ್ತರಿಯಲ್ಲಿ ಕತ್ತರಿಸಿದ ಹಾಗೆ ನೇರವಾಗಿ ಕಡಿದು ಕೆಳಗೆ ಬೀಳಿಸುತ್ತದೆ. ಬಿದ್ದ ಎಲೆಯ ಒಳಗೆ ಮರಿ ಬೆಳೆಯುತ್ತದೆ. ಹಾಗಾಗಿ ಬಿದ್ದದ್ದನ್ನೆಲ್ಲ ಆಯ್ದು ಸುಡಬೇಕು. ದಿನಾ ಸಂಜೆ ಒಲೆಗೆ ಒಂದು ಹಿಡಿ. ಬೇವಿನೆಣ್ಣೆ ಹೊಡೆದೆ, ಮಳೆಗೆ ನಿಲ್ಲುವುದಿಲ್ಲ. ಕೈಯಲ್ಲಿ ಆಯುವುದೇ ವಾಸಿ.

ಈ ತಿಂಗಳು ಗಮನಕ್ಕೆ ಬಂದ ಒಂದು ಸಂಗತಿ. ಸಾವಾದ ಮನೆಗೆ ಬಂದವರಿಗೆ ಮಾತು ಸಿಗುವುದಿಲ್ಲ. ಅವರ ತಪ್ಪಲ್ಲ. ಹೇಗಿದ್ದೀರಿ ಅಂದರೆ ನಾನು ಏನು ಹೇಳಬೇಕು? ಕೆಲವರು ದೇವರಿಚ್ಛೆ ಅನ್ನುತ್ತಾರೆ. ಅದನ್ನು ಕೇಳಿ ಸುಮ್ಮನಿರಲು ನಾನು ಬಹಳ ಕಷ್ಟಪಟ್ಟಿದ್ದೇನೆ. ಕ್ರಮೇಣ ಬರುವವರೇ ಕಡಿಮೆಯಾದರು. ಈಗ ಕಸಿ ಕಟ್ಟಿದ ಸುದ್ದಿ ಊರಲ್ಲಿ ಹಬ್ಬಿದೆ. ದಾರಿಯಲ್ಲಿ ಸಿಕ್ಕವರು ದೂರದಿಂದಲೇ "ಅತ್ಗೆ, ಕಸಿ ಎಂತಾತು?" ಅಂತ ಕೇಳುತ್ತಾರೆ. ಅದಕ್ಕೆ ನನ್ನ ಹತ್ತಿರ ಉತ್ತರವಿದೆ. ಚಿಗುರು, ಹುಳ, ಮಳೆ, ಹೇಳಲು ಬೇಕಾದಷ್ಟಿದೆ. ಹಾಗೆ ಮಾತು ಶುರುವಾದಮೇಲೆ ಒಮ್ಮೊಮ್ಮೆ ಅವರೇ ಮಾಣಿಯ ವಿಷಯ ತೆಗೆಯುತ್ತಾರೆ. ಹಳ್ಳದಲ್ಲಿ ಏಡಿ ಹಿಡಿಯಲು ಹೋಗಿ ಚಪ್ಪಲಿ ತೇಲಿಬಿಟ್ಟಿದ್ದನಲ್ಲ, ಅಂತ. ಆ ಕತೆ ನನಗೆ ಗೊತ್ತೇ ಇರಲಿಲ್ಲ!

ಕಸಿಗಿಡ ಫಲಕ್ಕೆ ಬರಲು ನಾಲ್ಕೈದು ವರ್ಷ ಬೇಕು. ಬೀಜದ ಗಿಡವಾದರೆ ಅದರ ಎರಡು ಪಟ್ಟು. ಮೊದಲ ಮಿಡಿ ಕೊಯ್ಯುವಾಗ ನನಗೆ 63 ಅಂತ ಅಡುಗೆಮನೆಯಲ್ಲಿ ಲೆಕ್ಕ ಹಾಕಿದೆ. ನಾಳೆಯಿಂದಾಚೆಗಿನ ಲೆಕ್ಕ ಹಾಕದೆ ಎಷ್ಟು ಕಾಲವಾಗಿತ್ತೋ.

ಮರ ಇನ್ನೂ ನಿಂತಿದೆ.

ಸೆಪ್ಟೆಂಬರ್

ಕಸಿ ಕೂಡಿದ ಜಾಗ ಗಂಟುಕಟ್ಟಿದೆ. ಪಟ್ಟಿ ಬಿಚ್ಚುವ ಕೆಲಸ ಶುರು. ಬಿಚ್ಚದೆ ಬಿಟ್ಟರೆ ಕಾಂಡ ದಪ್ಪವಾದಂತೆ ಒಳಗೆ ಕೊರೆಯುತ್ತದೆ. ಕಸಿಯ ಕೆಳಗೆ ಕಾಟುಮಾವಿನ ಚಿಗುರು ಬಂದರೆ ಅದನ್ನೂ ಚಿವುಟಬೇಕು, ಇಲ್ಲದಿದ್ದರೆ ಸಾರವೆಲ್ಲ ಅದಕ್ಕೇ ಹೋಗುತ್ತದೆ.

ಸಿದ್ದಾಪುರ ಕಡೆಯ ಒಬ್ಬರು ಗಿಡ ಕೇಳಿಕೊಂಡು ಬಂದಿದ್ದರು. ಅವರ ಮಗಳು ತೀರಿಕೊಂಡಿದ್ದು ಈ ಬೇಸಿಗೆಯಲ್ಲಿ. ಗಿಡ ಇನ್ನೂ ಎಳೆಯದು, ಕೊಡಲಿಲ್ಲ. ಬದಲಿಗೆ ಚಾಕು ಕೊಟ್ಟು, ಉಳಿದಿದ್ದ ಕಾಟುಗಿಡಗಳ ಮೇಲೆ ಕೆತ್ತಿಸಿದೆ. ಮಗಳ ಹೆಸರು ಹೇಳಿದರು. ನಾನು ಮಾಣಿಯ ಹೆಸರು ಹೇಳಿದೆ. ಸ್ವಲ್ಪ ಹೊತ್ತು ಇಬ್ಬರೂ ಅತ್ತೆವು. ಆಮೇಲೆ ಪಟ್ಟಿಯನ್ನು ಕೆಳಗಿನಿಂದ ಮೇಲಕ್ಕೆ ಸುತ್ತಬೇಕು ಅಂತ ತೋರಿಸಿದೆ, ನೀರು ಇಳಿಯದ ಹಾಗೆ. ಅವರ ಕೈ ನನ್ನ ಕೈಗಿಂತ ಚುರುಕು. ಮುಂದಿನ ಜೂನ್‌ಗೆ ಅವರ ಊರಿನ ಹೊಳೆದಂಡೆಯ ಒಂದು ಮರದ ಕುಡಿ ತರುತ್ತಾರಂತೆ.

ಈಗ ಮನೆಯಲ್ಲಿ ಒಂದು ಜಗಳ ನಡೆಯುತ್ತಿದೆ. ನಮ್ಮ ಪಾಲಿನ ಗಿಡಗಳನ್ನು ಎಲ್ಲಿ ನೆಡುವುದು? ಇವರು ತೋಟದ ಅಂಚಿಗೆ ಅನ್ನುತ್ತಾರೆ, ನೀರಿಗೆ ಹತ್ತಿರ ಅಂತ. ಅಲ್ಲಿ ನೆಟ್ಟರೆ ಅಡಿಕೆಗೆ ನೆರಳಾಗುತ್ತದೆ, ಮೇಲಿನ ಬೇಣವೇ (ಹುಲ್ಲುಗಾವಲೇ) ಸರಿ ಅಂತ ನನ್ನ ವಾದ. ಬೇಣಕ್ಕೆ ದನ ನುಗ್ಗುತ್ತವೆ ಅಂತ ಅವರು. ಬೇಲಿ ಹಾಕಿ ಅಂತ ನಾನು. ನಿನ್ನೆ ಊಟಕ್ಕೆ ಕೂತಾಗ ಶುರುವಾದದ್ದು, ಕೈ ಒಣಗಿದರೂ ಮುಗಿಯಲಿಲ್ಲ. ಹೊಂಡ ತೆಗೆಸುವುದು ಬೇಸಿಗೆಗೆ ತಾನೇ, ಅಷ್ಟರೊಳಗೆ ಒಪ್ಪಿಸುತ್ತೇನೆ.