ವೆಸ್ಟರ್ನ್ ಸಿನಿಮಾಗಳ ನೋಟ್‌ಬುಕ್: ಹನ್ನೊಂದು ಮುಗಿದವು, ಒಂಬತ್ತು ಬಾಕಿ

ಇಪ್ಪತ್ತು ಹಳೆಯ ವೆಸ್ಟರ್ನ್‌ಗಳನ್ನು, ಅಂದರೆ ಅಮೆರಿಕದ ಕೌಬಾಯ್ ಸಿನಿಮಾಗಳನ್ನು, ಒಂದೊಂದಾಗಿ ನೋಡಿ, ಅವುಗಳಲ್ಲಿ ಬಿಳಿಯರಲ್ಲದವರಿಗೆ ಏನು ಸಿಕ್ಕಿತು ಎಂದು ಬರೆದಿಡಲು ಹೊರಟವಳು ನಿನ್ನೆ ರಾತ್ರಿಗೆ ಹನ್ನೊಂದು ಮುಗಿಸಿದ್ದೇನೆ. ನೋಟ್‌ಬುಕ್‌ನಲ್ಲಿ ಮೊದಲು ಗೆರೆ ಎಳೆದದ್ದು ಮೂರೇ ಕಾಲಂಗೆ: ಪಾತ್ರ, ನಟ, ನಟರ ಪಟ್ಟಿಯಲ್ಲಿ ಹೆಸರು ಎಷ್ಟನೆಯದು. ಈ ವಾರ ನಾಲ್ಕನೆಯದು ಸೇರಿತು: ಯಾವ ಭಾಷೆಯಲ್ಲಿ ಮಾತು?

ಅದಕ್ಕೆ ಕಾರಣ ‘ದಿ ಸರ್ಚರ್ಸ್’ (1956). ಕಥೆ ಟೆಕ್ಸಾಸ್‌ನದು, ಚಿತ್ರೀಕರಣ ಮಾನ್ಯುಮೆಂಟ್ ವ್ಯಾಲಿಯಲ್ಲಿ, ಅಂದರೆ ಅಮೆರಿಕದ ಮೂಲನಿವಾಸಿಗಳಾದ ನವಾಹೋ ಜನರ ನೆಲದಲ್ಲಿ. ಹಾಗಾಗಿ ಕಥೆಯಲ್ಲಿನ ಬೇರೊಂದು ಮೂಲನಿವಾಸಿ ಜನಾಂಗವಾದ ಕಮ್ಯಾಂಚಿಗಳಾಗಿ ಕುದುರೆ ಏರಿದವರು ನವಾಹೋಗಳು, ಕಮ್ಯಾಂಚಿ ಎಂದು ಕೇಳಿಸುವುದೂ ನವಾಹೋ ಮಾತು. ಕಮ್ಯಾಂಚಿಗಳ ನಾಯಕ ಸ್ಕಾರ್ ಆಗಿ ನಟಿಸಿದವನು ಮಾತ್ರ ಜರ್ಮನಿಯಲ್ಲಿ ಹುಟ್ಟಿದ ಹೆನ್ರಿ ಬ್ರ್ಯಾಂಡನ್. ಹತ್ತಿರದ ಶಾಟ್ ಒಂದನ್ನು ನಿಲ್ಲಿಸಿ ನೋಡಿದೆ. ಬಣ್ಣ ಬಳಿದ ಮುಖದಲ್ಲಿ ನೀಲಿ ಕಣ್ಣುಗಳು. ಒಂದು ಜನಾಂಗದ ಭಾಷೆಯನ್ನು ಹಿನ್ನೆಲೆಯ ಸದ್ದಿನಂತೆ ಬಳಸಿದ್ದು ನನಗೆ ಆ ಕಣ್ಣುಗಳಿಗಿಂತ ಹೆಚ್ಚು ನೋವು ಕೊಟ್ಟಿತು.

‘ಬ್ರೋಕನ್ ಆ್ಯರೋ’ (1950) ಈ ವಿಷಯದಲ್ಲಿ ಮುಚ್ಚುಮರೆ ಮಾಡುವುದಿಲ್ಲ. ಮೂಲನಿವಾಸಿಗಳಾದ ಅಪಾಚಿಗಳು ನಮ್ಮ ಭಾಷೆಯಲ್ಲೇ, ಅಂದರೆ ಇಂಗ್ಲಿಷ್‌ನಲ್ಲೇ, ಮಾತನಾಡುತ್ತಾರೆ ಎಂದು ನಿರೂಪಕನೇ ಆರಂಭದಲ್ಲಿ ಹೇಳಿಬಿಡುತ್ತಾನೆ. ಅಪಾಚಿ ನಾಯಕ ಕೊಚೀಸ್‌ನ ಪಾತ್ರ ಮಾಡಿದ ಬಿಳಿಯ ನಟ ಜೆಫ್ ಚಾಂಡ್ಲರ್ ಆಸ್ಕರ್‌ಗೆ ನಾಮನಿರ್ದೇಶನಗೊಂಡ. ಮೂಲನಿವಾಸಿ ಮೊಹಾಕ್ ಜನಾಂಗದ ಜೇ ಸಿಲ್ವರ್‌ಹೀಲ್ಸ್‌ಗೆ ಸಿಕ್ಕಿದ್ದು ಇನ್ನೊಬ್ಬ ಅಪಾಚಿ ಜೆರೊನಿಮೊನ ಚಿಕ್ಕ ಪಾತ್ರ. ‘ಹೈ ನೂನ್’ (1952) ಪುಟದಲ್ಲಿ ಮಾತ್ರ ಸಂತೋಷದಿಂದ ಬರೆದೆ. ಮೆಕ್ಸಿಕೋದ ನಟಿ ಕೇಟಿ ಹುರಾಡೊ ಸ್ಪ್ಯಾನಿಷ್‌ನಲ್ಲಿ ಒಂದು ಮಾತು ಹೇಳುತ್ತಾಳೆ, ಗ್ಯಾರಿ ಕೂಪರ್ ಅದೇ ಭಾಷೆಯಲ್ಲಿ ಉತ್ತರಿಸುತ್ತಾನೆ. ಇಬ್ಬರ ಹಳೆಯ ಸಂಬಂಧವೆಲ್ಲ ಅಷ್ಟರಲ್ಲೇ ತಿಳಿಯುತ್ತದೆ.

ನಿನ್ನೆಯದು ‘ದಿ ಮ್ಯಾನ್ ಹೂ ಶಾಟ್ ಲಿಬರ್ಟಿ ವಾಲನ್ಸ್’ (1962). ಶಾಲೆಯ ದೃಶ್ಯವನ್ನು ಮೂರು ಸಲ ನೋಡಿದೆ. ವಕೀಲ ರ‍್ಯಾನ್ಸ್ ಊರಿನ ಮಕ್ಕಳನ್ನೂ ದೊಡ್ಡವರನ್ನೂ ಕೂರಿಸಿಕೊಂಡು ಪಾಠ ಹೇಳುತ್ತಿದ್ದಾನೆ. ಕಪ್ಪು ಆಳು ಪಾಂಪಿ ಎದ್ದು ನಿಂತು ಅಮೆರಿಕದ ಸ್ವಾತಂತ್ರ್ಯ ಘೋಷಣೆಯ ಸಾಲನ್ನು ಒಪ್ಪಿಸಲು ಹೊರಡುತ್ತಾನೆ. ಗೋಡೆಯ ಮೇಲೆ ಲಿಂಕನ್‌ನ ಚಿತ್ರ. ‘ಎಲ್ಲ ಮನುಷ್ಯರೂ ಸಮಾನರು’ ಎನ್ನುವಲ್ಲಿಗೆ ಬಂದಾಗ ನೆನಪಾಗದೆ ತಡವರಿಸುತ್ತಾನೆ. ಆ ಭಾಗವನ್ನು ಬಹಳ ಮಂದಿ ಮರೆಯುತ್ತಾರೆ ಎಂದು ರ‍್ಯಾನ್ಸ್ ಮೆಲ್ಲಗೆ ಸಮಾಧಾನ ಹೇಳುತ್ತಾನೆ. ಅಷ್ಟರಲ್ಲಿ ಯಜಮಾನ ಡಾನಿಫನ್ ಒಳಗೆ ಬಂದು ಪಾಂಪಿಯನ್ನು ಕೆಲಸಕ್ಕೆ ಅಟ್ಟುತ್ತಾನೆ. ಮುಂದೆ ಊರಿನ ಗಂಡಸರು ಮತ ಹಾಕುವಾಗ ಪಾಂಪಿ ಕೂತಿರುವುದು ಹೊರಗೆ. ನಿರ್ದೇಶಕ ಜಾನ್ ಫೋರ್ಡ್ ಇದನ್ನು ಎತ್ತಿ ತೋರಿಸುವುದಿಲ್ಲ, ಕ್ಯಾಮೆರಾದ ಕಣ್ಣಿಂದ ಮರೆಯೂ ಮಾಡುವುದಿಲ್ಲ. ಪಾಂಪಿಯಾಗಿ ನಟಿಸಿದ ವುಡಿ ಸ್ಟ್ರೋಡ್ ಮಾತಿಗಿಂತ ನಿಲುವಿನಲ್ಲೇ ಹೆಚ್ಚು ಹೇಳುತ್ತಾನೆ.

ಇದೇ ಸ್ಟ್ರೋಡ್ ಎರಡು ವರ್ಷ ಮೊದಲು ಫೋರ್ಡ್‌ನ ‘ಸಾರ್ಜೆಂಟ್ ರಟ್ಲೆಜ್’ನಲ್ಲಿ ವಿಚಾರಣೆಗೆ ಒಳಗಾದ ಕಪ್ಪು ಸೈನಿಕ ರಟ್ಲೆಜ್ ಆಗಿದ್ದ. ಚಿತ್ರಕ್ಕೆ ಅವನ ಪಾತ್ರದ ಹೆಸರನ್ನೇ ಇಟ್ಟರೂ ನಟರ ಪಟ್ಟಿಯಲ್ಲಿ ಮೊದಲು ಬರುವುದು ಅವನ ಪರ ವಾದಿಸುವ ಬಿಳಿಯ ಅಧಿಕಾರಿಯ ಪಾತ್ರದ ಜೆಫ್ರಿ ಹಂಟರ್. ಮೂರನೆಯ ಕಾಲಂನಲ್ಲಿ ಇದನ್ನು ಕೆಂಪು ಶಾಯಿಯಲ್ಲಿ ಬರೆದಿದ್ದೇನೆ.

ಪಟ್ಟಿಯಲ್ಲಿ ಒಂದು ಬದಲಾವಣೆ ಮಾಡಿದ್ದೇನೆ. ಸ್ಟುಡಿಯೋಗಳ ದೊಡ್ಡ ಚಿತ್ರಗಳನ್ನಷ್ಟೇ ನೋಡಿದರೆ ಲೆಕ್ಕ ಅರ್ಧವಾಗುತ್ತದೆ. ಫೋರ್ಡ್‌ನ ‘ಸ್ಟೇಜ್‌ಕೋಚ್’ ಬಂದ 1939ರಲ್ಲೇ ಹರ್ಬ್ ಜೆಫ್ರೀಸ್ ನಾಯಕನಾಗಿ, ಕಪ್ಪು ಕಲಾವಿದರೇ ನಟಿಸಿದ ‘ಹಾರ್ಲೆಮ್ ರೈಡ್ಸ್ ದ ರೇಂಜ್’ ಕೂಡ ಬಂದಿತ್ತು. ಹನ್ನೆರಡನೆಯದು ಅದೇ. ಶನಿವಾರ ರಾತ್ರಿ ನೋಡುತ್ತೇನೆ, ಹೊಸ ಪುಟಕ್ಕೆ ಗೆರೆ ಎಳೆದಾಗಿದೆ.