ಕೆ10 ಪಿಕಪ್‌ಗೆ 14 ಬೋಲ್ಟ್ ಆಕ್ಸಲ್ ಹಾಕಿದೆ

ನನ್ನ 1984ರ ಶೆವ್ರೊಲೆ ಕೆ10 ಪಿಕಪ್‌ನ ಹಿಂದಿನ ಆಕ್ಸಲ್ ಕೊನೆಗೂ ಬದಲಾಯಿತು. ಹಳೇ 10 ಬೋಲ್ಟ್ ಹೋಯಿತು, ಅದೇ ಕಾಲದ, ಹೆಚ್ಚು ಭಾರ ಹೊರುವ ಮುಕ್ಕಾಲು ಟನ್ ವರ್ಗದ ಟ್ರಕ್ಕಿನ 14 ಬೋಲ್ಟ್ ಬಂದು ಕೂತಿದೆ. ಈ 10, 14 ಅನ್ನೋದು ಹಿಂದಿನ ಮುಚ್ಚಳದ ಬೋಲ್ಟ್‌ಗಳ ಲೆಕ್ಕ, ಅಷ್ಟೇ. ಆದರೆ ಒಳಗಿನ ವ್ಯತ್ಯಾಸ ಲೆಕ್ಕಕ್ಕಿಂತ ಬಹಳ ದೊಡ್ಡದು.

ಶುರುವಾಗಿದ್ದು ಎಡಗಡೆ ಬ್ರೇಕ್ ಡ್ರಮ್ಮಿನಲ್ಲಿ ಕಂಡ ಎಣ್ಣೆಯಿಂದ. ಸೀಲ್ ಬದಲಾಯಿಸಿದೆ, ಮತ್ತೆ ಸೋರಿತು. ಇನ್ನೊಮ್ಮೆ ಬದಲಾಯಿಸಿದೆ, ಮತ್ತೂ ಸೋರಿತು. ಸರಿ ಅಂತ ಮುಚ್ಚಳ ಬಿಚ್ಚಿ, ಒಳಗಿನ ಅಡ್ಡ ಪಿನ್ ತೆಗೆದು, ಚಕ್ರ ತಿರುಗಿಸುವ ಶಾಫ್ಟನ್ನು ಸ್ವಲ್ಪ ಒಳಕ್ಕೆ ತಳ್ಳಿ, ಅದರ ತುದಿಯಲ್ಲಿದ್ದ ಸಿ ಆಕಾರದ ಕ್ಲಿಪ್ ಬಿಡಿಸಿ ಶಾಫ್ಟನ್ನು ಹೊರಗೆ ಎಳೆದೆ. ಬಟ್ಟೆಯಲ್ಲಿ ಒರೆಸಿ ಬೆರಳಾಡಿಸಿದಾಗ ಗೊತ್ತಾಯಿತು. ಬೇರಿಂಗ್ ಉರುಳುವ ಜಾಗದಲ್ಲಿ ಸುತ್ತಲೂ ಒಂದು ಹಳ್ಳ. ಉಗುರು ಇಟ್ಟರೆ ಅಲ್ಲೇ ಸಿಕ್ಕಿ ನಿಲ್ಲುತ್ತಿತ್ತು. ಈ ಆಕ್ಸಲ್‌ನಲ್ಲಿ ಬೇರಿಂಗಿಗೆ ಒಳಗಿನ ರಿಂಗ್ ಇರುವುದಿಲ್ಲ, ರೋಲರ್‌ಗಳು ನೇರವಾಗಿ ಶಾಫ್ಟಿನ ಮೈ ಮೇಲೇ ಓಡುತ್ತವೆ. ಹಾಗಾಗಿ ಬೇರಿಂಗ್ ಸವೆದರೆ ಶಾಫ್ಟೂ ಸವೆದ ಹಾಗೆ.

ಹೊಸ ಶಾಫ್ಟ್ ಹಾಕಿ ಸುಮ್ನಿರಬಹುದಿತ್ತು. ಆದರೆ ನಾನು ಟ್ರೇಲರ್ ಎಳೆಯುವವನು. 10 ಬೋಲ್ಟ್‌ನಲ್ಲಿ ಚಕ್ರ ತಿರುಗಿಸುವುದೂ ಆ ಶಾಫ್ಟೇ, ಗಾಡಿಯ ಭಾರ ಹೊರುವುದೂ ಆ ಶಾಫ್ಟೇ, ಚಕ್ರ ಹೊರಗೆ ಜಾರದ ಹಾಗೆ ಹಿಡಿದಿರುವುದು ಮಾತ್ರ ಆ ಸಣ್ಣ ಸಿ ಕ್ಲಿಪ್ಪು. ಶಾಫ್ಟ್ ಮುರಿದರೆ ಡ್ರಮ್ಮಿನ ಸಮೇತ ಚಕ್ರ ಹೊರಗೆ ಬರಬಹುದು. ಹಿಂದೆ ಭಾರ ಕಟ್ಟಿಕೊಂಡು ಇಳಿಜಾರಿನಲ್ಲಿ ಹೋಗುವಾಗ ಹಾಗಾದರೆ? ಆ ಯೋಚನೆ ತಲೆಯಿಂದ ಹೋಗಲೇ ಇಲ್ಲ.

ನಾನು ಹಾಕಿದ 14 ಬೋಲ್ಟ್‌ನಲ್ಲಿ ತಿರುಗಿಸುವುದು, ಭಾರ ಹೊರುವುದು ಈ ಎರಡು ಕೆಲಸ ಬೇರೆ ಬೇರೆ. ಚಕ್ರ ಕೂರುವ ಹಬ್ ಎರಡು ಟೇಪರ್ (ಓರೆ ರೋಲರಿನ) ಬೇರಿಂಗ್ ಮೇಲೆ ಹೌಸಿಂಗಿನ, ಅಂದರೆ ಆಕ್ಸಲ್ಲಿನ ಹೊರಕವಚದ, ತುದಿಯಲ್ಲೇ ಕೂತಿರುತ್ತದೆ, ಭಾರವೆಲ್ಲ ಅದರದ್ದು. ಶಾಫ್ಟಿಗೆ ತಿರುಗಿಸುವ ಕೆಲಸ ಮಾತ್ರ. ಒಳಗೆ ಶಾಫ್ಟುಗಳನ್ನು ತಿರುಗಿಸುವ ದೊಡ್ಡ ಹಲ್ಲುಚಕ್ರ, ಅಂದರೆ ಕ್ರೌನ್ ವೀಲ್, 8.5 ಇಂಚಿನಿಂದ 10.5 ಇಂಚಿಗೆ ಹೋಯಿತು. ನನಗೆ ಅದಕ್ಕಿಂತ ಇಷ್ಟವಾಗಿದ್ದು ಪಿನಿಯನ್, ಅಂದರೆ ಕ್ರೌನ್ ವೀಲನ್ನು ತಿರುಗಿಸುವ ಚಿಕ್ಕ ಹಲ್ಲುಚಕ್ರ. ಮುಂದೆ ಎರಡು ಟೇಪರ್ ಬೇರಿಂಗ್ ಸಾಲದು ಅಂತ ಹಲ್ಲಿನ ಆಚೆ ತುದಿಗೂ ಒಂದು ಚಿಕ್ಕ ರೋಲರ್ ಬೇರಿಂಗ್ ಕೊಟ್ಟಿದ್ದಾರೆ. ಜೋರಾಗಿ ಎಳೆಯುವಾಗ ಪಿನಿಯನ್ ಕ್ರೌನ್ ವೀಲಿನಿಂದ ಆಚೆ ಸರಿಯಲು ನೋಡುತ್ತದೆ, ಅದನ್ನು ತಡೆಯುವುದು ಈ ಮೂರನೆಯದು.

ಹುಡುಕಾಟವೇ ಜಾಸ್ತಿ ದಿನ ತಿಂದಿತು. ನನ್ನದು ನಾಲ್ಕೂ ಚಕ್ರ ಎಳೆಯುವ ಗಾಡಿ, ಮುಂದಿನ ಆಕ್ಸಲ್ಲಿನ ಗೇರ್ ಅನುಪಾತ 3.73, ಅಂದರೆ ಚಕ್ರ ಒಂದು ಸುತ್ತು ಬರಲು ಪಿನಿಯನ್ 3.73 ಸುತ್ತು ಬರಬೇಕು. ಹಿಂದಿನದೂ ಅದೇ ಇರಬೇಕು, ಇಲ್ಲದಿದ್ದರೆ ಫೋರ್ ವೀಲ್ ಹಾಕಿದ ಕೂಡಲೇ ಹಿಂದಿನದೂ ಮುಂದಿನದೂ ಜಗಳಕ್ಕೆ ಬೀಳುತ್ತವೆ, ಗಟ್ಟಿ ನೆಲದ ಮೇಲಾದರೆ ಏನಾದರೊಂದು ಮುರಿದೇ ಮುರಿಯುತ್ತದೆ. ಮೊದಲು ಸಿಕ್ಕ ಆಕ್ಸಲ್ 3.73 ಅಂತ ಮಾರುವವರು ಖಂಡಿತವಾಗಿ ಹೇಳಿದರು. ಎರಡೂ ಹಬ್ ಒಟ್ಟಿಗೆ ಒಂದು ಪೂರ್ತಿ ಸುತ್ತು ಬರುವ ಹಾಗೆ ತಿರುಗಿಸಿ, ಪಿನಿಯನ್ ಮೇಲೆ ಚಾಕ್‌ನಲ್ಲಿ ಗುರುತು ಹಾಕಿ ಎಣಿಸಿದೆ. ಮೂರು ಮುಕ್ಕಾಲಿನ ಹತ್ತಿರ ನಿಲ್ಲಬೇಕಿತ್ತು, ನಾಲ್ಕು ದಾಟಿ ಸ್ವಲ್ಪ ಮುಂದೆ ಹೋಯಿತು. ಮುಚ್ಚಳ ತೆಗೆಸಿ ನೋಡಿದರೆ ಕ್ರೌನ್ ವೀಲಿಗೆ 41 ಹಲ್ಲು, ಪಿನಿಯನ್‌ಗೆ 10. ಅಂದರೆ 4.10. ನನಗೆ ಬೇಕಿದ್ದದ್ದು 41ಕ್ಕೆ 11. ಬಾಯಿಮಾತು ನಂಬಬೇಡಿ, ನೀವೇ ತಿರುಗಿಸಿ ಎಣಿಸಿ.

ಕೂರಿಸುವುದು ಅಂದುಕೊಂಡಷ್ಟು ಕಷ್ಟ ಆಗಲಿಲ್ಲ. 1973ರಿಂದ 1987ರವರೆಗಿನ ಈ ಟ್ರಕ್ಕುಗಳಲ್ಲಿ ಕಮಾನು ಪಟ್ಟಿ ಕೂರುವ ಜಾಗ ಹೊಂದಿಕೊಳ್ಳುತ್ತದೆ, ವೆಲ್ಡಿಂಗ್ ಬೇಕಾಗಲಿಲ್ಲ. ಆದರೆ ಆಕ್ಸಲ್ 200 ಕೆಜಿಗೂ ಜಾಸ್ತಿ ತೂಕ, ಒಬ್ಬರೇ ಅಡಿಗೆ ನುಗ್ಗಬೇಡಿ. ನನ್ನ ಜೊತೆ ಗೆಳೆಯ ಇದ್ದ, ಎರಡು ಜಾಕ್ ಇತ್ತು, ಚಾಸಿ ಗಟ್ಟಿ ಸ್ಟ್ಯಾಂಡ್ ಮೇಲಿತ್ತು. ಆಕ್ಸಲ್ಲಿನ ಕೊಳವೆ ದಪ್ಪ ಇರುವುದರಿಂದ ಅದನ್ನು ಕಮಾನು ಪಟ್ಟಿಗೆ ಬಿಗಿಯುವ ಯೂ ಬೋಲ್ಟ್ ಹೊಸದೇ ಬೇಕು. ಹಳೆಯದು ಹಿಡಿಸಿದರೂ ಹಾಕಬಾರದು, ಒಮ್ಮೆ ಬಿಗಿದ ಯೂ ಬೋಲ್ಟ್ ಹಿಗ್ಗಿರುತ್ತದೆ. ಎಂಜಿನ್ ಕಡೆಯಿಂದ ಆಕ್ಸಲ್ಲಿಗೆ ಬಲ ತರುವ ಪ್ರೊಪೆಲ್ಲರ್ ಶಾಫ್ಟಿನ ಕ್ರಾಸ್ (ಕೀಲು) ಒಂದು ಕಡೆ ಚಿಕ್ಕದು, ಇನ್ನೊಂದು ಕಡೆ ದೊಡ್ಡದು ಇರುವಂಥದ್ದು ಬೇಕಾಯಿತು, ಅದು ತಯಾರಾಗಿಯೇ ಸಿಗುತ್ತದೆ. ಆ ಶಾಫ್ಟನ್ನೂ ಸ್ವಲ್ಪ ಗಿಡ್ಡ ಮಾಡಿಸಿದೆ. ಈ ಅಳತೆಯನ್ನು ಗಾಡಿ ಚಕ್ರದ ಮೇಲೆ ನಿಂತಿರುವಾಗಲೇ ತಗೊಳ್ಳಿ. ಆಕ್ಸಲ್ ನೇತಾಡುತ್ತಿರುವಾಗ ಅಳೆದರೆ ಲೆಕ್ಕ ತಪ್ಪುತ್ತದೆ. ಹ್ಯಾಂಡ್ ಬ್ರೇಕ್ ಕೇಬಲ್ ಹೊಂದಿಸುವುದಕ್ಕೆ ಒಂದು ಮಧ್ಯಾಹ್ನ ಪೂರ್ತಿ ಹೋಯಿತು.

ಚಕ್ರದ ವಿಷಯ ಮೊದಲೇ ತಿಳಿದುಕೊಂಡಿರಿ. ಮುಂದೆ ಚಕ್ರಕ್ಕೆ 6 ನಟ್ಟು, ಹಿಂದೆ ಈಗ 8. ಅಂದರೆ ಎರಡು ಸ್ಟೆಪ್ನಿ ಹೊರಬೇಕು, ಮುಂದಿನ ಹಬ್ ಬದಲಾಯಿಸುವವರೆಗೆ ನನ್ನ ಪಾಡು ಅದೇ. 13 ಇಂಚಿನ ಡ್ರಮ್ ಮೇಲೆ ಕೂರಲಿ ಅಂತ ಹಿಂದಕ್ಕೆ 16 ಇಂಚಿನ ಚಕ್ರ ತಂದೆ. ಟೈರಿನ ಒಟ್ಟು ಎತ್ತರ ಮಾತ್ರ ಮುಂದಿನದಕ್ಕೆ ಸರಿಸಮ ಇರಬೇಕು, ಇಲ್ಲದಿದ್ದರೆ ಗೇರ್ ಹೊಂದಿಸಿದ್ದೂ ದಂಡ.

ಬ್ರೇಕ್ ಬಗ್ಗೆ ಯಾರೂ ಸರಿಯಾಗಿ ಹೇಳುವುದಿಲ್ಲ, ಅದಕ್ಕೇ ಬಿಡಿಸಿ ಬರೆಯುತ್ತಿದ್ದೇನೆ. ಭಾರದ ಟ್ರಕ್ಕಿಗೆ ಮಾಡಿದ ಡ್ರಮ್ ಇದು. ಖಾಲಿ ಗಾಡಿಯಲ್ಲಿ, ಒದ್ದೆ ರಸ್ತೆಯಲ್ಲಿ ಬ್ರೇಕ್ ತುಳಿದೆ, ಹಿಂದಿನ ಚಕ್ರ ಮೊದಲು ನಿಂತು ಬಾಲ ಪಕ್ಕಕ್ಕೆ ಸರಿಯಿತು. ನಿಧಾನಕ್ಕೆ ಹೋಗುತ್ತಿದ್ದೆ, ರಸ್ತೆಯೂ ಖಾಲಿ ಇತ್ತು, ಬಚಾವಾದೆ. ಮಾರನೇ ದಿನವೇ ಹಿಂದಿನ ಬ್ರೇಕ್ ಲೈನಿಗೆ ಒತ್ತಡ ಕಮ್ಮಿ ಮಾಡಬಲ್ಲ ವಾಲ್ವ್ ಹಾಕಿ, ಖಾಲಿ ಜಾಗದಲ್ಲಿ ಮತ್ತೆ ಮತ್ತೆ ಬ್ರೇಕ್ ಹಾಕಿ ನೋಡಿ, ಮುಂದಿನ ಚಕ್ರ ಮೊದಲು ನಿಲ್ಲುವ ಹಾಗೆ ತಿರುಗಿಸಿಕೊಂಡೆ. ಇದನ್ನು ಗಾಡಿ ರಸ್ತೆಗೆ ಇಳಿಸುವ ಮೊದಲೇ ಮಾಡಿ.

ಎಲ್ಲರಿಗೂ ಇದು ಬೇಕಾ? ಬೇಡ. ಭಾರ ಹೊರದವರಿಗೆ, ಎಳೆಯದವರಿಗೆ ಒಳ್ಳೇ ಸ್ಥಿತಿಯ 10 ಬೋಲ್ಟ್ ಸಾಕು. ಖಾಲಿ ಗಾಡಿ ಈಗ ಗುಂಡಿಯಲ್ಲಿ ಮೊದಲಿಗಿಂತ ಜೋರಾಗಿ ಎತ್ತಿ ಹಾಕುತ್ತದೆ, ಗುಡ್ಡದ ದಾರಿಯಲ್ಲಿ ಆಕ್ಸಲ್ಲಿನ ಹೊಟ್ಟೆ ಕಲ್ಲಿಗೆ ತಾಗುತ್ತದೆ. ಭಾರ ಹಾಕಿದಾಗ ಮಾತ್ರ ಎಷ್ಟು ನೆಮ್ಮದಿಯಾಗಿ ಹೋಗುತ್ತದೆ ಅಂದರೆ, ನಾನು ಕನ್ನಡಿಯಲ್ಲಿ ಹಿಂದಿನ ಚಕ್ರ ನೋಡುವುದನ್ನೇ ಬಿಟ್ಟಿದ್ದೇನೆ.

ಮೊನ್ನೆ ಟ್ರೇಲರ್ ಎಳೆದು ಬಂದ ಮೇಲೆ ಒಮ್ಮೆ ನೋಡೋಣ ಅನಿಸಿತು. ಎಡ ಹಬ್ಬಿನ 8 ಬೋಲ್ಟ್ ಬಿಚ್ಚಿ ಶಾಫ್ಟನ್ನು ಕೈಯಲ್ಲೇ ಎಳೆದೆ. ಜಾಕ್ ಇಲ್ಲ, ಚಕ್ರ ಬಿಚ್ಚಿಲ್ಲ, ಗಾಡಿ ತನ್ನ ಪಾಡಿಗೆ ನಾಲ್ಕೂ ಚಕ್ರದ ಮೇಲೆ ನಿಂತಿತ್ತು. ಕೆಳಗಿಟ್ಟ ಡಬ್ಬಿಗೆ ನಾಲ್ಕು ಹನಿ ಎಣ್ಣೆ ಬಿತ್ತು. ಶಾಫ್ಟ್ ಒರೆಸಿ ಉದ್ದಕ್ಕೂ ಉಗುರಾಡಿಸಿದೆ, ಎಲ್ಲೂ ತಡೆಯಲಿಲ್ಲ. ಹೊಸ ಗ್ಯಾಸ್ಕೆಟ್ ಇಟ್ಟು ವಾಪಸ್ ತಳ್ಳಿ ಬಿಗಿದೆ.